ಹಳೆಯ ಲೇಥ್, ಹೊಸ ಮಿಲ್ಲಿಂಗ್: ನಮ್ಮ ವರ್ಕ್‌ಶಾಪ್‌ಗೆ ಯಂತ್ರ ಕೊಂಡ ಅನುಭವ

ಗಂಗಾವತಿಯಲ್ಲಿ ವರ್ಕ್‌ಶಾಪ್ ಇಟ್ಟವರಿಗೆ ಹೆಚ್ಚಿನ ಕೆಲಸ ಬರುವುದು ರೈಸ್ ಮಿಲ್ಲುಗಳಿಂದ. ಎಲಿವೇಟರ್ ಪುಲ್ಲಿಯ ಬೋರ್ ಅಗಲವಾಗಿರುತ್ತದೆ, ಬ್ಲೋವರ್ ಶಾಫ್ಟಿನಲ್ಲಿ ಬೇರಿಂಗ್ ಕೂರುವ ಜಾಗ ತಿಂದುಹೋಗಿರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಕೊಯ್ಲಿಗೆ ಬಂತೆಂದರೆ ಮಿಲ್ಲುಗಳು ಹಗಲಿರುಳು ನಡೆಯುವುದರಿಂದ, ಸಂಜೆ ತಂದ ಶಾಫ್ಟಿಗೆ ವೆಲ್ಡಿಂಗ್ ತುಂಬಿಸಿ, ಟರ್ನಿಂಗ್ ಮುಗಿಸಿ ಬೆಳಿಗ್ಗೆ ಕಳಿಸಲೇಬೇಕು. ಎರಡು ಮೀಟರ್ ಉದ್ದದ ಶಾಫ್ಟ್ ಹಿಡಿಯುವ ಲೇಥ್ ಬೇಕಾದಾಗ ನನ್ನ ಮುಂದೆ ಎರಡು ದಾರಿಗಳಿದ್ದವು: ತೈವಾನಿನಿಂದ ಬರುವ ಹೊಸ ಲೇಥ್, ಇಲ್ಲವೇ ಬೆಂಗಳೂರಿನ ಹಳೆಯ ಯಂತ್ರಗಳ ವ್ಯಾಪಾರಿಗಳಲ್ಲಿ ಸಿಗುವ ಎಚ್‌ಎಂಟಿ ಎನ್‌ಎಚ್ 26 ಮಾದರಿಯ ಲೇಥ್.

ಹೊಸದರ ದರಪಟ್ಟಿ ಓದುವಾಗ ಒಂದು ವಿಷಯ ಗಮನಿಸಬೇಕು. ಆಮದಿನ ಮೇಲೆ ಕಟ್ಟುವ ಐಜಿಎಸ್‌ಟಿ ತೆರಿಗೆ, ಜಿಎಸ್‌ಟಿಗೆ ನೋಂದಾಯಿತರಾದ ನಮಗೆ ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ಮುಂದೆ ಕಟ್ಟುವ ತೆರಿಗೆಯಲ್ಲಿ ವಜಾ ಆಗಿ, ಮರಳುತ್ತದೆ. ಕಸ್ಟಮ್ಸ್ ಸುಂಕ ಮಾತ್ರ ಮರಳುವುದಿಲ್ಲ, ಅದು ಯಂತ್ರದ ಬೆಲೆಗೇ ಸೇರಿಹೋಗುತ್ತದೆ. ಆದರೆ ನನ್ನನ್ನು ತಡೆದದ್ದು ಬೆಲೆಯಲ್ಲ. ಶಾಫ್ಟನ್ನು ತಿರುಗಿಸುವ ಹೆಡ್‌ಸ್ಟಾಕಿನ ಗೇರ್ ಒಡೆದರೆ ಎಷ್ಟು ದಿನಕ್ಕೆ ಬರುತ್ತದೆ ಎಂದು ಕೇಳಿದಾಗ ಮಾರಾಟಗಾರರು ಆರು ವಾರ ಎಂದರು. ಕೊಯ್ಲಿನ ಕಾಲದಲ್ಲಿ ಆರು ವಾರ ಯಂತ್ರ ನಿಂತರೆ ಆ ವರ್ಷದ ದುಡಿಮೆಯೇ ಹೋದಂತೆ. ಎಚ್‌ಎಂಟಿ ಲೇಥಿನ ಕ್ಲಚ್ ಪ್ಲೇಟ್ ಬೆಂಗಳೂರಿನ ಅಂಗಡಿಗಳಲ್ಲಿ ಸಿಗುತ್ತದೆ. ಗೇರ್ ಒಡೆದರೆ ಮಾದರಿ ಒಯ್ದು ಹುಬ್ಬಳ್ಳಿಯಲ್ಲಿ ಕಟ್ ಮಾಡಿಸಿಕೊಂಡು ಬರಬಹುದು.

ಹಾಗೆಂದು ಹಳೆಯದನ್ನು ಕಣ್ಣು ಮುಚ್ಚಿ ಕೊಳ್ಳುವಂತಿಲ್ಲ. ಮೊದಲು ನೋಡಿದ ಲೇಥಿಗೆ ಹೊಸದಾಗಿ ಹಸಿರು ಬಣ್ಣ ಬಳಿದಿದ್ದರು. ನನ್ನ ಜೊತೆ ಬಂದಿದ್ದ ಹಿರಿಯ ಮೇಸ್ತ್ರಿ, "ತಮ್ಮಾ, ಬಣ್ಣ ನೋಡಬ್ಯಾಡ, ಚಕ್ ಬಾಜೂಕ ಬೆಡ್ ಮ್ಯಾಲೆ ಬೆರಳಾಡ್ಸಿ ನೋಡು" ಎಂದರು. ಚಕ್ ಎಂದರೆ ಶಾಫ್ಟಿನ ತುದಿ ಹಿಡಿಯುವ ಬಾಯಿ, ಬೆಡ್ ಎಂದರೆ ಯಂತ್ರದ ಉದ್ದಕ್ಕೂ ಇರುವ ಹಳಿ. ಎಣ್ಣೆ ಒರೆಸಿ ಉಗುರನ್ನು ಅಡ್ಡಲಾಗಿ ಎಳೆದಾಗ, ಟೂಲ್ ಹೊತ್ತ ಸ್ಯಾಡಲ್ ಓಡಾಡುವ ಜಾಗದ ಅಂಚಿನಲ್ಲಿ ಸಣ್ಣ ಮೆಟ್ಟಿಲಿಗೆ ಉಗುರು ಸಿಕ್ಕಿಕೊಂಡಿತು. ಸ್ಯಾಡಲನ್ನು ಚಕ್ ಹತ್ತಿರ ತಂದು, ಅದರ ಕೆಳಗಿನ ಪಟ್ಟಿಯನ್ನು ಆಟವಿಲ್ಲದಂತೆ ಬಿಗಿಮಾಡಿ ಇನ್ನೊಂದು ತುದಿಯಲ್ಲಿ ಶಾಫ್ಟಿಗೆ ಆಸರೆ ಕೊಡುವ ಟೇಲ್‌ಸ್ಟಾಕ್ ಕಡೆಗೆ ಹ್ಯಾಂಡಲ್ ತಿರುಗಿಸಿ ಸರಿಸಿದೆವು. ಅರ್ಧ ದಾರಿಯಲ್ಲೇ ಅದು ಕಚ್ಚಿ ನಿಂತಿತು. ದಿನನಿತ್ಯದ ಕೆಲಸವೆಲ್ಲ ಚಕ್ ಬಳಿಯೇ ನಡೆಯುವುದರಿಂದ ಬೆಡ್ ಸವೆಯುವುದು ಅಲ್ಲಿ. ಟೇಲ್‌ಸ್ಟಾಕ್ ಕಡೆಯ ತುದಿ ಹೊಸದರಂತೆಯೇ ಉಳಿದಿರುತ್ತದೆ.

ಆದರೂ ಅಳೆದು ನೋಡದೆ ಬಿಡಲು ಮನಸ್ಸಾಗಲಿಲ್ಲ. ಗೋದಾಮಿನಲ್ಲಿ ಯಂತ್ರವನ್ನು ಮರದ ದಿಮ್ಮಿಗಳ ಮೇಲೆ ಇಟ್ಟಿರುತ್ತಾರೆ, ಬೆಡ್ ತಿರುಚಿಕೊಂಡಿರುತ್ತದೆ. ಆ ಸ್ಥಿತಿಯಲ್ಲಿ ಪರೀಕ್ಷಿಸಿದರೆ ಒಳ್ಳೆಯ ಯಂತ್ರವೂ ಕೆಟ್ಟದ್ದಾಗಿ ಕಾಣುತ್ತದೆ. ಆದ್ದರಿಂದ ಮೀಟರಿಗೆ 0.02 ಮಿಲಿಮೀಟರ್ ತೋರಿಸುವ ಸ್ಪಿರಿಟ್ ಲೆವೆಲ್ ಇಟ್ಟು ಮೊದಲು ಮಟ್ಟ ಮಾಡಿಕೊಂಡೆವು. 50 ಮಿಲಿಮೀಟರ್ ದಪ್ಪದ ಬಾರನ್ನು ಚಕ್ಕಿನಲ್ಲಷ್ಟೇ ಹಿಡಿದು, ಟೇಲ್‌ಸ್ಟಾಕ್ ಆಸರೆ ಕೊಡದೆ, 200 ಮಿಲಿಮೀಟರ್ ಅಂತರದಲ್ಲಿ ಎರಡು ಕಾಲರ್ (ಉಬ್ಬಿದ ಉಂಗುರದಂಥ ಪಟ್ಟಿ) ಬಿಟ್ಟು, ಟೂಲ್ ಅಲುಗಿಸದೆ ಎರಡರ ಮೇಲೂ ಸಣ್ಣ ಕಟ್ ತೆಗೆದು ಮೈಕ್ರೋಮೀಟರಿನಲ್ಲಿ ಅಳೆದೆವು. ಎರಡರ ವ್ಯಾಸದ ವ್ಯತ್ಯಾಸ 0.09 ಮಿಲಿಮೀಟರ್ ಬಂತು. ಕೇಳಲು ಅದು ಅಲ್ಪವೆನ್ನಿಸಬಹುದು. 50 ಮಿಲಿಮೀಟರ್ ಶಾಫ್ಟಿನ ಮೇಲೆ ಕೂರುವ 22310 ಬೇರಿಂಗಿನ ಅಗಲ 40 ಮಿಲಿಮೀಟರ್, ಅಷ್ಟರಲ್ಲೇ 0.018 ಓರೆ ಬರುತ್ತದೆ. ಬೇರಿಂಗ್ ಬಿಗಿಯಾಗಿ ಕೂರಲು 50ರ ಶಾಫ್ಟಿನ ಅಳತೆಗೆ ಕೆ6 ಫಿಟ್ ಎಂಬ ಮಾನದಂಡ ಕೊಡುವ ಒಟ್ಟು ಅವಕಾಶವೇ 0.016. ಬೇರಿಂಗ್ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ, ಆಮೇಲೆ ಮಿಲ್ ಮಾಲೀಕರಿಂದ ರಾತ್ರಿ ಫೋನ್. ಬಣ್ಣ ಮಾಸಿದ ಮತ್ತೊಂದು ಎನ್‌ಎಚ್ 26ರಲ್ಲಿ ಇದೇ ಪರೀಕ್ಷೆಗೆ 0.02 ಬಂತು. ಅದರ ಕ್ಲಚ್ ಜಾರುತ್ತಿತ್ತು, ಥ್ರೆಡ್ ಕತ್ತರಿಸುವಾಗ ಸ್ಯಾಡಲನ್ನು ಸ್ಕ್ರೂಗೆ ಜೋಡಿಸುವ ಹಾಫ್ ನಟ್ ಸವೆದಿತ್ತು. ಎರಡೂ ಬದಲಿಸಬಹುದಾದ ವಸ್ತುಗಳೇ ಆದ್ದರಿಂದ ಅದನ್ನೇ ಕೊಂಡೆ.

ಲೇಥ್ ಚೆನ್ನಾಗಿ ಕೂತಿತೆಂಬ ಧೈರ್ಯದಲ್ಲಿ ತಿರುಗುವ ಕಟರಿನಿಂದ ಕೊರೆಯುವ ಮಿಲ್ಲಿಂಗ್ ಯಂತ್ರವನ್ನೂ ಹಳೆಯದನ್ನೇ ತಂದು ಪೆಟ್ಟು ತಿಂದೆ. ಅದರ ಟೇಬಲ್ ಸ್ಕ್ರೂನಲ್ಲಿ ಹ್ಯಾಂಡಲ್ ಕಾಲು ಸುತ್ತು ತಿರುಗಿದರೂ ಟೇಬಲ್ ಅಲುಗುತ್ತಿರಲಿಲ್ಲ. ಸ್ಕ್ರೂ ಬದಲಿಸಿದ ಮೇಲೂ ಕೀವೇ (ಶಾಫ್ಟಿನಲ್ಲಿ ಕೀ ಕೂರುವ ತೋಡು) ಅಗಲವಾಗಿಯೇ ಬರುತ್ತಿತ್ತು. ಟೇಬಲ್, ಸ್ಯಾಡಲ್, ಅವೆರಡನ್ನೂ ಹೊತ್ತು ಮೇಲೆ ಕೆಳಗೆ ಚಲಿಸುವ 'ನೀ' ಎಂಬ ಭಾಗ, ಈ ಮೂರರ ಡವ್‌ಟೇಲ್ ಜಾರುಹಳಿಗಳೂ ಸವೆದಿದ್ದವು. ಅವನ್ನು ಒಂದಕ್ಕೊಂದು ಹೊಂದಿಸಿ ಸ್ಕ್ರೇಪಿಂಗ್ ಮಾಡುವ, ಅಂದರೆ ಕೈಯಿಂದ ಕೆರೆದು ಸಮ ಮಾಡುವ ಕೈಗಳು ನಮ್ಮ ಭಾಗದಲ್ಲಿ ನನಗೆ ಸಿಗಲಿಲ್ಲ. ಎಂಟು ತಿಂಗಳಿಗೆ ಅದನ್ನು ನಷ್ಟಕ್ಕೆ ಮಾರಿ, ಡಿಆರ್‌ಒ (ಟೇಬಲ್ ಸರಿದ ಅಳತೆಯನ್ನು ಅಂಕಿಯಲ್ಲಿ ತೋರಿಸುವ ಸಾಧನ) ಅಳವಡಿಸಿದ ಹೊಸ ತೈವಾನ್ ಯಂತ್ರ ತರಿಸಿದೆ. ಲೇಥಿಗೆ ಬೇಡವೆಂದ ದಾರಿಯನ್ನೇ ಮಿಲ್ಲಿಂಗಿಗೆ ಹಿಡಿದದ್ದು ಸರಿಯೆಂದೇ ನನ್ನ ನಂಬಿಕೆ. ಮಿಲ್ಲಿಂಗ್ ಎರಡು ವಾರ ನಿಂತರೂ ಕೀವೇಯನ್ನು ಪಕ್ಕದವರಲ್ಲಿ ಹೊಡೆಸಬಹುದು, ಉದ್ದನೆಯ ಶಾಫ್ಟ್ ಹಿಡಿಯುವ ಲೇಥ್ ಪಕ್ಕದವರಲ್ಲಿಲ್ಲ.

ಇಲ್ಲಿನವರು ಎರಡೂ ಯಂತ್ರಗಳಿಗೆ ಮಾಡಲೇಬೇಕಾದ ಕೆಲಸವೊಂದಿದೆ. ರೈಸ್ ಮಿಲ್ಲಿನ ಬಾಯ್ಲರಿನಲ್ಲಿ ಉರಿದ ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ. ಗಾಳಿಗೆ ಹಾರಿ ಬಂದು ಬೆಡ್ಡಿನ ಎಣ್ಣೆಗೆ ಅಂಟಿದರೆ ಅದು ಎಮರಿ ಪುಡಿಯಂತೆ ಉಜ್ಜುತ್ತದೆ. ಸ್ಯಾಡಲಿನ ಫೆಲ್ಟ್ ವೈಪರನ್ನು ಮೂರು ತಿಂಗಳಿಗೊಮ್ಮೆ ಬದಲಿಸುತ್ತೇನೆ, ರಾತ್ರಿ ಬೆಡ್ ಒರೆಸಿ ಕ್ಯಾನ್ವಾಸ್ ಹೊದಿಸುತ್ತೇವೆ. ಪ್ರತಿ ವರ್ಷ ಆಯುಧಪೂಜೆಗೆ ತೊಳೆದ ಲೇಥಿನಲ್ಲಿ, ಕೊಯ್ಲು ಶುರುವಾಗುವ ಮೊದಲೇ, ಎರಡು ಕಾಲರುಗಳ ಪರೀಕ್ಷೆ ಮಾಡಿ ಅಂಕಿಯನ್ನು ಹೆಡ್‌ಸ್ಟಾಕಿನ ಬಾಗಿಲ ಒಳಗೆ ಚಾಕ್‌ಪೀಸಿನಿಂದ ಬರೆಯುತ್ತೇವೆ. ಐದನೆಯ ವರ್ಷದ ಅಂಕಿ 0.03.