ಶನಿವಾರ ಹನ್ನೊಂದರಿಂದ ಒಂದು

ಒಂದು ಶನಿವಾರ ಬೆಳಿಗ್ಗೆ ನನ್ನ ಕಕ್ಷಿದಾರರೊಬ್ಬರ ಫೋನ್ ಬಂತು. "ಮೇಡಂ, ಕೋರ್ಟಿನ ಗೇಟಿಗೆ ಬೀಗ ಹಾಕಿದೆ. ನಾನು ಮುಂಬೈಯಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದದ್ದು." ಐದು ವರ್ಷದ ಮಗನನ್ನು ನೋಡಲು ಬಂದಿದ್ದರು. ಆದೇಶದಲ್ಲಿದ್ದದ್ದು ಇಷ್ಟೇ: ಪ್ರತಿ ಶನಿವಾರ ಹನ್ನೊಂದರಿಂದ ಒಂದರವರೆಗೆ ನ್ಯಾಯಾಲಯದ ಆವರಣದಲ್ಲಿ ತಂದೆ ಮಗುವನ್ನು ಭೇಟಿಯಾಗಬಹುದು. ಆ ಸಾಲನ್ನು ಮೆಮೊದಲ್ಲಿ, ಅಂದರೆ ಕೋರ್ಟಿಗೆ ಬರೆದುಕೊಡುವ ಚಿಕ್ಕ ಕೋರಿಕೆಯಲ್ಲಿ, ಬರೆದದ್ದು ನಾನೇ. ಎದುರು ವಕೀಲರು ಒಪ್ಪಿದರು, ಆದೇಶವೂ ಹಾಗೇ ಆಯಿತು. ಎರಡನೇ ಶನಿವಾರ ಕೋರ್ಟಿಗೆ ರಜೆ ಎಂಬುದು ನಮ್ಮೆಲ್ಲರಿಗೂ ಗೊತ್ತು. ಬರೆಯುವಾಗ ಯಾರಿಗೂ ಹೊಳೆಯಲಿಲ್ಲ.

ಕೋರ್ಟ್ ಮುಚ್ಚಿದೆ ಎಂದು ತಾಯಿ ಮಗುವನ್ನು ಕರೆತಂದಿರಲಿಲ್ಲ. ತಂದೆ ಫೋನಿನಲ್ಲಿ ಕೂಗಾಡಿದರು. ಆಕೆ ಅದನ್ನು ರೆಕಾರ್ಡ್ ಮಾಡಿದರು. ಮುಂದಿನ ವಾಯಿದೆಗೆ ಆ ರೆಕಾರ್ಡಿಂಗ್ ಒಂದು ಅರ್ಜಿಯಾಗಿ ಬಂತು, ಅದಕ್ಕೆ ನಾವು ತಕರಾರು ಹಾಕಿದೆವು, ತಕರಾರಿಗೆ ಅವರು ಸಮಯ ಕೇಳಿದರು. ಹೀಗೇ ನಾಲ್ಕು ತಿಂಗಳು ಕಳೆಯಿತು. ಆ ನಾಲ್ಕು ತಿಂಗಳಲ್ಲಿ ಹುಡುಗ ಅಪ್ಪನನ್ನು ಒಮ್ಮೆಯೂ ನೋಡಲಿಲ್ಲ. ನನ್ನ ಒಂದು ಸಾಲು ಸರಿಯಿದ್ದಿದ್ದರೆ ಅಷ್ಟು ಹೊತ್ತಿಗೆ ಹದಿನಾರು ಭೇಟಿ ಆಗಿರುತ್ತಿತ್ತು.

ಕರಾವಳಿಯ ಕೋರ್ಟುಗಳಲ್ಲಿ ಕೌಟುಂಬಿಕ ಕೇಸುಗಳನ್ನು ನಡೆಸುತ್ತ ಹದಿನೆಂಟು ವರ್ಷವಾಯಿತು. ನನ್ನ ಕೆಲಸದ ಕ್ರಮ ಬದಲಾದದ್ದು ಆ ಶನಿವಾರದ ನಂತರ. ಅಲ್ಲಿಯ ತನಕ ನನ್ನ ಶ್ರಮವೆಲ್ಲ ಕೊನೆಯ ತೀರ್ಪಿಗೆ, ಮಗು ಯಾರಿಗೆ ಎಂಬ ಪ್ರಶ್ನೆಗೆ ಹೋಗುತ್ತಿತ್ತು. ತೀರ್ಪು ಬರುವ ಹೊತ್ತಿಗೆ ಎಲ್‌ಕೆಜಿಯ ಮಗು ಮೂರನೇ ಕ್ಲಾಸಿಗೆ ಬಂದಿರುತ್ತದೆ. ಅದು ಬೆಳೆದದ್ದು ವಾಯಿದೆಗಳ ನಡುವೆ, ನಮ್ಮ ಮಧ್ಯಂತರ ಆದೇಶಗಳ ಆಸರೆಯಲ್ಲಿ. ಆ ಆದೇಶಗಳನ್ನು ನಾವು ಕಾಲ್ ವರ್ಕ್ (ಕೇಸುಗಳನ್ನು ಒಂದೊಂದಾಗಿ ಕೂಗುವ ಹೊತ್ತು) ಗಡಿಬಿಡಿಯಲ್ಲಿ, ನಿಂತ ನಿಲುವಿನಲ್ಲಿ ಬರೆದುಕೊಟ್ಟಿರುತ್ತೇವೆ.

ಈಗ ಕಸ್ಟಡಿ ಕೇಸು ಬಂದರೆ ಮೊದಲ ದಿನ ಜಗಳದ ವಿಷಯ ಕೇಳುವುದಿಲ್ಲ. ಒಂದು ಹಾಳೆ ಕೊಟ್ಟು ಮಗುವಿನ ಒಂದು ದಿನವನ್ನು ಬರೆಯಲು ಹೇಳುತ್ತೇನೆ. ಎಷ್ಟು ಗಂಟೆಗೆ ಏಳುತ್ತದೆ, ತಲೆ ಬಾಚುವವರು ಯಾರು, ಬುತ್ತಿಗೆ ಏನು ಹಾಕಿದರೆ ಖಾಲಿಯಾಗಿ ಬರುತ್ತದೆ, ಯಾರ ಪಕ್ಕದಲ್ಲಿ ಮಲಗುತ್ತದೆ. ಒಪ್ಪಿದರೆ ಎದುರು ಪಕ್ಷದವರಿಂದಲೂ ಅವರ ವಕೀಲರ ಮೂಲಕ ಅದೇ ಹಾಳೆ ಬರೆಸುತ್ತೇನೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮೂವತ್ತು ಪುಟದ ಅಫಿಡವಿಟ್ಟಿನಲ್ಲಿ ಸಿಗದ ಮಗು ಅಲ್ಲಿ ಸಿಗುತ್ತದೆ.

ಹೆಚ್ಚಿನ ಹಾಳೆಗಳಲ್ಲಿ ಅಜ್ಜಿ ಇರುತ್ತಾರೆ. ನಮ್ಮ ಕಡೆ ಇದು ಸಹಜ. ಅಳಿಯಸಂತಾನದ ಮನೆಗಳಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು, ಯಜಮಾನಿಕೆ ಸೋದರಮಾವನದು. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು, ಆದರೂ ನನ್ನ ಕಚೇರಿಗೆ ಹುಡುಗಿಯ ಜೊತೆ ಬಂದು ಮೊದಲು ಮಾತಾಡುವುದು ಇವತ್ತಿಗೂ ತಮ್ಮಲೆಯೇ, ಅಂದರೆ ಆ ಸೋದರಮಾವನೇ. ಮಗುವಿಗೆ ಸ್ನಾನ ಮಾಡಿಸುವ ಅಜ್ಜಿ, ಶಾಲೆಗೆ ಬಿಡುವ ಮಾವ ಕೇಸಿನ ಪಕ್ಷಕಾರರಲ್ಲ, ಆದೇಶದಲ್ಲಿ ಅವರ ಹೆಸರೇ ಬರುವುದಿಲ್ಲ. ಕೋರ್ಟಿಗೆ ಅವರನ್ನು ಕಾಣಿಸುವುದು ವಕೀಲರ ಕೆಲಸ.

ಕಕ್ಷಿದಾರರು ಸಾಮಾನ್ಯವಾಗಿ ಒಂದು ನಂಬಿಕೆ ಇಟ್ಟುಕೊಂಡೇ ಬರುತ್ತಾರೆ: ಹೆಣ್ಣಾದರೆ ತಾಯಿಗೆ, ಗಂಡಾದರೆ ತಂದೆಗೆ. ಅಂಥ ಕಾನೂನು ಇಲ್ಲ. ಎಲ್ಲ ಧರ್ಮದವರಿಗೂ ಅನ್ವಯಿಸುವ 1890ರ ಗಾರ್ಡಿಯನ್ಸ್ ಆಂಡ್ ವಾರ್ಡ್ಸ್ ಕಾಯ್ದೆಯ 17ನೇ ಕಲಂ ಮಗುವಿನ ಕ್ಷೇಮವನ್ನು ನೋಡು ಎನ್ನುತ್ತದೆ. ಮಗು ಯೋಚಿಸಿ ಹೇಳುವಷ್ಟು ದೊಡ್ಡದಾಗಿದ್ದರೆ ಅದರ ಇಷ್ಟವನ್ನೂ ಪರಿಗಣಿಸಬಹುದು ಎನ್ನುತ್ತದೆ. ಹಿಂದೂಗಳಿಗೆ 1956ರ ಕಾಯ್ದೆಯಲ್ಲಿ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಎಂದಿದ್ದರೂ, ಅದೇ ಕಾಯ್ದೆಯ 13ನೇ ಕಲಂ ಎಲ್ಲಕ್ಕಿಂತ ಮೇಲೆ ಕ್ಷೇಮವನ್ನೇ ಇಡುತ್ತದೆ.

ಇಷ್ಟು ಗೊತ್ತಿದ್ದೂ ಇನ್ನೊಂದು ಕೇಸಿನಲ್ಲಿ ನಾನು ತಪ್ಪಿದೆ. (ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.) ನಾನು ತಾಯಿಯ ಪರ. ಎರಡನೇ ಕ್ಲಾಸಿನ ಹುಡುಗಿ ಮಂಗಳೂರಿನಲ್ಲಿ ತಾಯಿಯ ಜೊತೆ, ತಂದೆಯ ಮನೆ ಕಾರ್ಕಳ ಕಡೆ. ದಿನಾ ಸಂಜೆ ವಿಡಿಯೊ ಕಾಲ್. ಕಾಲ್ ಮುಗಿದ ಮೇಲೆ ಮಗು ಅಳುತ್ತದೆ, ರಾತ್ರಿ ಊಟ ಬಿಡುತ್ತದೆ ಎಂದು ತಾಯಿ ಹೇಳಿದರು. "ಮಗು ತಂದೆಗೆ ಹೆದರುತ್ತದೆ" ಎಂದು ನಾನು ಅಫಿಡವಿಟ್ಟಿನಲ್ಲಿ ಬರೆದೆ. ಅತ್ತ ಕಡೆಯಿಂದ ಬಂದ ತಕರಾರಿನಲ್ಲಿ ತಾಯಿಯೇ ಮಗುವಿನ ತಲೆ ಕೆಡಿಸಿದ್ದಾಳೆ ಎಂದಿತ್ತು. ನ್ಯಾಯಾಧೀಶರು ಬಯಲುಸೀಮೆಯವರು, ತುಂಬ ತಾಳ್ಮೆಯವರು. ಚೇಂಬರಿಗೆ ಕರೆದು ಕನ್ನಡದಲ್ಲಿ ಮೃದುವಾಗಿ ಕೇಳಿದರು. ಅಪ್ಪ ಅಂದರೆ ಇಷ್ಟವಾ? ಹೌದು. ಹೆದರಿಕೆಯಾ? ಹೌದು. ಎಲ್ಲದಕ್ಕೂ ಹೌದು. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಅವಳಿಗೆ ಟೀಚರಿಗೆ ಉತ್ತರ ಕೊಡುವ ಭಾಷೆ.

ತುಳು ಬಲ್ಲ ಕೌನ್ಸೆಲರ್ ಮಗುವಿನ ಹತ್ತಿರ ಮಾತಾಡಲಿ ಎಂದು ಎರಡೂ ಕಡೆಯಿಂದ ಸೇರಿ ಮೆಮೊ ಹಾಕಿದೆವು. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 12ನೇ ಕಲಮಿನಲ್ಲಿ ಕೋರ್ಟು ಇಂಥ ತಜ್ಞರ ನೆರವು ಪಡೆಯಬಹುದು. ಆ ಕೌನ್ಸೆಲರ್ ಪ್ರಶ್ನೆಗಳನ್ನೇ ಕೇಳಲಿಲ್ಲ. ಕ್ರೇಯಾನ್ ಕೊಟ್ಟು ಪಕ್ಕದಲ್ಲಿ ತಾವೂ ಚಿತ್ರ ಬಿಡಿಸುತ್ತ ಕೂತರಂತೆ. ಹುಡುಗಿ ಒಂದು ಮನೆ ಬಿಡಿಸಿದಳು, ಮೆಟ್ಟಿಲಿನ ಮೇಲೆ ಬಾಲ ಎತ್ತಿ ನಿಂತ ಏನೋ ಒಂದು. "ಎನ್ನ ಪುಚ್ಚೆ ಅಲ್ಪ ಉಂಡು" (ನನ್ನ ಬೆಕ್ಕು ಅಲ್ಲಿದೆ) ಅಂದಳು. ಅವಳ ಬೆಕ್ಕು ಅಲ್ಲಿ ಅಪ್ಪನ ಮನೆಯಲ್ಲಿತ್ತು, ಮರಿ ಹಾಕಿತ್ತು. ಅಪ್ಪ ದಿನಾ ಫೋನಿನಲ್ಲಿ ಓದಿನ ವಿಷಯ ಕೇಳುತ್ತಿದ್ದರು, ಬೆಕ್ಕನ್ನು ತೋರಿಸುತ್ತಿರಲಿಲ್ಲ. ಅವಳು ಅಳುತ್ತಿದ್ದದ್ದು ಅದಕ್ಕೆ.

ವರದಿ ಓದಿ ನನ್ನ ಅಫಿಡವಿಟ್ಟನ್ನು ಮತ್ತೆ ತೆರೆದು ನೋಡಿದೆ. ಮಗುವಿನ ಅಳುವಿಗೆ ನಾವು ಇಬ್ಬರು ವಕೀಲರು ಎರಡು ಅರ್ಥ ಕಟ್ಟಿದ್ದೆವು, ಎರಡೂ ಸುಳ್ಳು. ಇಂಥ ಅವಸರದ ಬಗ್ಗೆ ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಿನ ಒಂದು ತೀರ್ಪಿನಲ್ಲಿ ಸ್ಪಷ್ಟವಾಗಿ ಎಚ್ಚರಿಸಿದೆ: ಮಗುವಿನ ನಡವಳಿಕೆಯನ್ನು ಸರಿಯಾಗಿ ಗುರುತಿಸದೆ, ಹೆತ್ತವರಲ್ಲಿ ಒಬ್ಬರು ಮಗುವನ್ನು ಇನ್ನೊಬ್ಬರ ವಿರುದ್ಧ ತಿರುಗಿಸಿದ್ದಾರೆಂಬ ಹಣೆಪಟ್ಟಿ ಹಚ್ಚಬಾರದು.

ಭೇಟಿಯನ್ನು ಕೋರ್ಟಿನ ಕೋಣೆಯಿಂದ ಭಾನುವಾರ ತಂದೆಯ ಮನೆಗೆ ಬದಲಿಸಿಕೊಂಡೆವು. ಮೊದಲ ಭಾನುವಾರ ಸಂಜೆ ತಾಯಿ ಒಂದು ಫೋಟೊ ಕಳಿಸಿದರು. ಮಗುವಿನ ಮುಂಗೈಯಲ್ಲಿ ಬೆಕ್ಕು ಪರಚಿದ ಕೆಂಪು ಗೆರೆ. ಮತ್ತೊಂದು ಅರ್ಜಿ ಶುರುವಾಯಿತೇ ಎಂದು ಎದೆ ಧಸಕ್ಕೆಂದಿತು. ಆಕೆ ಕೇಳಿದ್ದು ಇಷ್ಟೇ: "ಇಂಜೆಕ್ಷನ್ ಹಾಕಿಸಬೇಕಾ ಮೇಡಂ?" ಈಗಲೇ ಡಾಕ್ಟರ ಹತ್ತಿರ ಹೋಗಿ, ಬೆಕ್ಕಿಗೆ ಲಸಿಕೆ ಆಗಿದೆಯಾ ಅಂತ ಮಗುವಿನ ಅಪ್ಪನನ್ನೇ ಕೇಳಿ ಎಂದೆ. ಎಂಟು ತಿಂಗಳಲ್ಲಿ ಆಕೆ ಗಂಡನಿಗೆ ತಾವಾಗಿ ಮಾಡಿದ ಮೊದಲ ಫೋನ್ ಅದು.

ಈಗ ನಾನು ಬರೆಯುವ ಭೇಟಿಯ ಮೆಮೊ ಮೂರು ಪುಟ ಇರುತ್ತದೆ. ಜೂನಿಯರುಗಳು ಉದ್ದವಾಯಿತು ಅನ್ನುತ್ತಾರೆ, ನಾನು ಬಿಡುವುದಿಲ್ಲ. ಎಲ್ಲಿ, ಕರೆತರುವವರು ಯಾರು, ತಡವಾದರೆ ಎಷ್ಟು ಹೊತ್ತು ಕಾಯಬೇಕು, ಜ್ವರ ಬಂದರೆ ಬದಲಿ ದಿನ ಯಾವುದು. ಮಳೆಗಾಲವನ್ನು ಪ್ರತ್ಯೇಕವಾಗಿ ಬರೆಯುತ್ತೇನೆ. ಜಿಲ್ಲಾಧಿಕಾರಿಗಳು ಮಳೆಗೆ ರಜೆ ಕೊಟ್ಟರೆ ಶಾಲೆಯವರು ಆ ಪಾಠವನ್ನು ಮುಂದೆ ಶನಿವಾರ ಮಧ್ಯಾಹ್ನದ ಮೇಲೆ ಮಾಡಿ ಮುಗಿಸುತ್ತಾರೆ, ಶನಿವಾರದ ಭೇಟಿ ಅಲ್ಲಿಗೆ ತಪ್ಪುತ್ತದೆ. ಕೈ ಬದಲಾಯಿಸುವ ಜಾಗ ಆದಷ್ಟು ಕದ್ರಿ ಪಾರ್ಕು, ಅಜ್ಜರಕಾಡಿನ ಪಾರ್ಕು ಇಂಥದ್ದು. ಪೊಲೀಸ್ ಠಾಣೆ ಎಂದು ಯಾರಾದರೂ ಸೂಚಿಸಿದರೆ ನಾನು ಒಪ್ಪುವುದಿಲ್ಲ.

ಗಲ್ಫಿನಲ್ಲಿರುವವರ ಕೇಸು ನಮ್ಮಲ್ಲಿ ಬಹಳ. 2020ರಲ್ಲಿ ಸುಪ್ರೀಂ ಕೋರ್ಟ್, ದೂರದಲ್ಲಿರುವ ತಂದೆಗೋ ತಾಯಿಗೋ ದಿನಾ ಐದರಿಂದ ಹತ್ತು ನಿಮಿಷ ವಿಡಿಯೊ ಕಾಲ್‌ನಲ್ಲಿ ಮಗುವಿನೊಟ್ಟಿಗೆ ಮಾತಾಡಲು ಅವಕಾಶ ಇರಬೇಕು ಎಂದಿತು. ಆದರೆ "ಸಂಜೆ ಕಾಲ್" ಎಂದಷ್ಟೇ ಬರೆದರೆ ಜಗಳ ಖಂಡಿತ. ಇಲ್ಲಿ ರಾತ್ರಿ ಎಂಟು ಅಂದರೆ ದುಬೈಯಲ್ಲಿ ಆರೂವರೆ, ಕುವೈತಿನಲ್ಲಿ ಐದೂವರೆ, ಅವರಿನ್ನೂ ಡ್ಯೂಟಿಯಲ್ಲೋ ದಾರಿಯಲ್ಲೋ ಇರುತ್ತಾರೆ. ಹಾಗಾಗಿ ಎರಡೂ ಊರಿನ ಗಂಟೆ ಬರೆಯುತ್ತೇನೆ. ಪಾಸ್‌ಪೋರ್ಟ್ ಯಾರ ಬಳಿ ಇರಬೇಕು ಎಂಬುದನ್ನೂ.

ಬೇಸಿಗೆ ರಜೆಯ ಅರ್ಜಿಯನ್ನು ಫೆಬ್ರವರಿಯಲ್ಲೇ ಹಾಕುತ್ತೇನೆ. ಮಕ್ಕಳಿಗೆ ರಜೆ ಇರುವಾಗಲೇ ಕೋರ್ಟಿಗೂ ರಜೆ. ಏಪ್ರಿಲ್‌ನಲ್ಲಿ ಹಾಕಿದ ಅರ್ಜಿಗೆ ಜೂನ್‌ನಲ್ಲಿ ವಾಯಿದೆ ಸಿಕ್ಕಿದರೆ ಆ ವರ್ಷದ ಅಜ್ಜಿಮನೆ, ಹಲಸು, ಸಮುದ್ರ ಎಲ್ಲ ಮುಗಿದಿರುತ್ತದೆ.

"ಜೀವನಾಂಶ ಕೊಡದಿದ್ದರೆ ಮಗುವನ್ನು ಯಾಕೆ ತೋರಿಸಬೇಕು" ಎಂದು ಕೇಳುವವರಿಗೆ ನೇರವಾಗಿ ಹೇಳುತ್ತೇನೆ, ದುಡ್ಡಿನ ವಸೂಲಿಗೆ ಬೇರೆ ದಾರಿ ಇದೆ, ಅದನ್ನು ಬಿಗಿಯಾಗಿ ನಡೆಸಿಕೊಡುತ್ತೇನೆ, ಮಗುವನ್ನು ಅದಕ್ಕೆ ಒತ್ತೆ ಇಡಬೇಡಿ. ಕೆಲವರು ಕೇಸು ಹಿಂತೆಗೆದುಕೊಂಡು ಬೇರೆ ವಕೀಲರ ಹತ್ತಿರ ಹೋದದ್ದೂ ಉಂಟು.

ಹೊಡೆತ ಇರುವ ಮನೆಗಳಿಗೆ ಈ ಯಾವುದನ್ನೂ ನಾನು ಹಚ್ಚುವುದಿಲ್ಲ. ರಾಜಿ ಮಾಡಿಸಲು ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ ನಿಜ. ಹೆದರಿಕೊಂಡ ಹೆಂಗಸನ್ನು ಹೊಡೆದವನ ಎದುರು ಕೂರಿಸುವುದು ರಾಜಿಯಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 21ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರು ಮಗುವನ್ನು ತಾತ್ಕಾಲಿಕವಾಗಿ ತಾಯಿಗೆ ಒಪ್ಪಿಸಬಹುದು, ಅಪಾಯ ಕಂಡರೆ ಭೇಟಿಯನ್ನೇ ನಿರಾಕರಿಸಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕಿದರೆ ಪೋಕ್ಸೊ ಕಾಯ್ದೆಯಲ್ಲಿ ಅದನ್ನು ತಿಳಿಸುವುದು ಎಲ್ಲರ ಕರ್ತವ್ಯ. ಆಗ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್, ಡ್ರಾಫ್ಟು ಆಮೇಲೆ.

ಆದೇಶ ಆದ ಒಂದು ತಿಂಗಳಿಗೆ ಎರಡೂ ಕಡೆಯವರಿಗೆ ಫೋನ್ ಹೋಗುತ್ತದೆ, ನನ್ನ ಕಕ್ಷಿದಾರರಿಗೆ ನಾನು, ಅತ್ತ ಅವರ ವಕೀಲರು. ಎಲ್ಲಿ ತೊಡಕಾಗುತ್ತದೆ ಎಂಬುದು ಮೊದಲ ನಾಲ್ಕು ಭೇಟಿಯಲ್ಲೇ ಗೊತ್ತಾಗುತ್ತದೆ. ಮೊನ್ನೆಯ ಒಂದು ಕೇಸಿನಲ್ಲಿ ಹುಡುಗನಿಗೆ ಭಾನುವಾರ ಪೂಜೆಯ ನಂತರ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಕ್ಯಾಟಿಕಿಸಂ, ಅಂದರೆ ಧರ್ಮಪಾಠದ ತರಗತಿ, ಒಂಬತ್ತು ಗಂಟೆಗೆ ಅಪ್ಪ ಹೊರಗೆ ಕಾರಿನಲ್ಲಿ ಕಾಯುತ್ತಿದ್ದರು. ಮೂರು ವಾರ ಹುಡುಗ ಪಾಠ ಬಿಟ್ಟು ಓಡಿ ಬಂದಿದ್ದ, ಅದಕ್ಕೆ ಟೀಚರರಿಂದ ಬೈಗುಳ ತಿಂದಿದ್ದ, ಯಾರಿಗೂ ಹೇಳಿರಲಿಲ್ಲ. ಒಂಬತ್ತನ್ನು ಹನ್ನೊಂದು ಮಾಡಿ ಇಬ್ಬರೂ ಸಹಿ ಹಾಕಿದ ಮೆಮೊ ಕೊಟ್ಟೆವು. ನ್ಯಾಯಾಧೀಶರು ಓದಿ, "ಹನ್ನೊಂದಕ್ಕೆ ಪಾಠ ಮುಗಿದಿರುತ್ತದೆ ತಾನೇ?" ಎಂದು ಕೇಳಿ ಸಹಿ ಮಾಡಿದರು.