ಹೊಸ ಗ್ಯಾಸ್ ಬಾಯ್ಲರ್ ಹಾಕಿಸುವ ಮುಂಚೆ: ಹೊಗೆಯ ದಾರಿ, ನೀರಿನ ದಾರಿ

ಚಳಿ ದೇಶಕ್ಕೆ ಬಂದು ನೆಲೆಸಿ, ಮನೆ ಬೆಚ್ಚಗಿಡುವ ಹಳೇ ಗ್ಯಾಸ್ ಬಾಯ್ಲರ್ ತೆಗೆಸಿ ಹೊಸದು ಹಾಕಿಸಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವ ಕಂಪನಿಯದು ಒಳ್ಳೆಯದು, ಎಷ್ಟು ಕಿಲೋವ್ಯಾಟ್ ಬೇಕು ಅಂತ ಎಲ್ಲರೂ ಕೇಳುತ್ತಾರೆ. ಬಾಯ್ಲರಿನಿಂದ ಹೊರಗೆ ಹೋಗುವ ಎರಡು ಪೈಪುಗಳ ಬಗ್ಗೆ ಯಾರೂ ಕೇಳುವುದಿಲ್ಲ. ಒಂದು ಹೊಗೆಯದು, ಇನ್ನೊಂದು ನೀರಿನದು.

ನಾನೂ ಕೇಳಿರಲಿಲ್ಲ. ಮೊದಲ ಚಳಿಗಾಲದಲ್ಲೇ ಒಂದು ರಾತ್ರಿ ಬಾಯ್ಲರ್ ಗುಳುಗುಳು ಸದ್ದು ಮಾಡಿ ನಿಂತುಹೋಯಿತು. ಮನೆಯೆಲ್ಲ ಕೊರೆಯುತ್ತಿತ್ತು. ಬೆಳಿಗ್ಗೆ ಬಂದ ಮೆಕ್ಯಾನಿಕ್ ಬಾಯ್ಲರ್ ಮುಟ್ಟಲೇ ಇಲ್ಲ. ನೇರ ಹಿತ್ತಲಿಗೆ ಹೋಗಿ, ಹೊರಗೋಡೆಯ ಮೇಲೆ ಉದ್ದಕ್ಕೆ ಎಳೆದಿದ್ದ ಹೆಬ್ಬೆರಳು ದಪ್ಪದ ಪೈಪನ್ನು ತೋರಿಸಿದರು. ಅದರೊಳಗೆ ನೀರು ಮಂಜುಗಡ್ಡೆಯಾಗಿತ್ತು. ಉಗುರುಬೆಚ್ಚಗಿನ ನೀರು ಸುರಿದು ಕರಗಿಸಿ, ರೀಸೆಟ್ ಒತ್ತಿದ ಮೇಲೆ ಬಾಯ್ಲರ್ ಶುರುವಾಯಿತು. ನಿಮಗೂ ಹೀಗಾದರೆ ಕುದಿಯುವ ನೀರು ಮಾತ್ರ ಸುರಿಯಬೇಡಿ. ಪೈಪು ಬಿರುಕು ಬಿಡಬಹುದು, ಕೈಯೂ ಸುಡುತ್ತದೆ.

ಗ್ಯಾಸ್ ಬಾಯ್ಲರಿನಲ್ಲಿ ಈ ನೀರು ಎಲ್ಲಿಂದ ಬಂತು? ಗ್ಯಾಸ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಒಂದು ಘನ ಮೀಟರ್ ನೈಸರ್ಗಿಕ ಅನಿಲ ಉರಿದರೆ ಸುಮಾರು 1.6 ಲೀಟರ್ ನೀರಿನಷ್ಟು ಆವಿ. ಹಳೇ ಬಾಯ್ಲರ್ ಅದನ್ನು ಬಿಸಿಯಾಗಿಯೇ ಚಿಮಣಿಯಲ್ಲಿ ಬಿಟ್ಟುಬಿಡುತ್ತಿತ್ತು. ಹೊಸದು ಹೊಗೆಯನ್ನು ಸುಮಾರು 55 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಕ್ಕೆ ತಣಿಸಿ, ಆವಿಯನ್ನು ನೀರಾಗಿಸಿ, ಆ ಶಾಖವನ್ನೂ ಮನೆಗೇ ಕೊಡುತ್ತದೆ. ಶೇಕಡಾ 90ಕ್ಕಿಂತ ಹೆಚ್ಚಿನ ದಕ್ಷತೆ ಬರುವುದು ಇದರಿಂದಲೇ. ಕೋಣೆಗಳನ್ನು ಬಿಸಿ ಮಾಡುವ ರೇಡಿಯೇಟರುಗಳಿಂದ ವಾಪಸ್ ಬರುವ ನೀರು ತುಂಬ ಬಿಸಿಯಿದ್ದರೆ ಈ ಲಾಭ ಸಿಗುವುದಿಲ್ಲ. ಸುಮ್ನೆ ಬಾಯ್ಲರನ್ನು 80 ಡಿಗ್ರಿಗೆ ಇಟ್ಟು ಓಡಿಸಬೇಡಿ.

ಮೊದಲು ಹೊಗೆಯ ಪೈಪು. ತಣ್ಣಗಿನ ಹೊಗೆ ತಾನಾಗಿ ಮೇಲಕ್ಕೆ ಏರುವುದಿಲ್ಲ. ಒಳಗಿನ ಫ್ಯಾನ್ ಅದನ್ನು ತಳ್ಳಬೇಕು. ಜೊತೆಗೆ ಅದು ಒದ್ದೆ ಹೊಗೆ, ಹುಳಿ ಅಂಶವಿರುವ ಹೊಗೆ. ಇಟ್ಟಿಗೆ ಚಿಮಣಿಗೆ ಹಾಗೇ ಬಿಟ್ಟರೆ ಗಾರೆಯನ್ನು ಮೆಲ್ಲಗೆ ತಿಂದುಹಾಕುತ್ತದೆ. ಅದಕ್ಕೇ ಬೇರೆ ಪೈಪು ಬೇಕು. ಅದು ಪಾಲಿಪ್ರೊಪಿಲೀನ್, ಸಿಪಿವಿಸಿ (ಹೆಚ್ಚು ಬಿಸಿ ತಡೆಯುವ ಪಿವಿಸಿ) ಅಥವಾ ಇದಕ್ಕೆಂದೇ ಮಾಡಿದ ಸ್ಟೇನ್‌ಲೆಸ್ ಸ್ಟೀಲ್ ಆಗಿರಬಹುದು. ಕೆಲವು ಕಡೆ ಪಿವಿಸಿಗೂ ಅನುಮತಿ ಇದೆ, ಆದರೆ ಅದು ತಡೆಯುವುದು ಸುಮಾರು 65 ಡಿಗ್ರಿಯವರೆಗೆ ಮಾತ್ರ. ನಡುವೆ ನೊರೆಯಂತಿರುವ ಹಗುರ ಪಿವಿಸಿ ಪೈಪನ್ನು ಹೊಗೆಗೆ ಬಳಸಲೇಬಾರದು. ಬಾಯ್ಲರಿನ ಕೈಪಿಡಿಯಲ್ಲಿ ಯಾವ ಪೈಪು ಅಂತ ಬರೆದಿರುತ್ತದೆ. ಅದೇ ಹಾಕಿಸಿ. ಒಂದು ಕಂಪನಿಯ ಪೈಪಿಗೆ ಇನ್ನೊಂದರ ಎಲ್ಬೋ (ಪೈಪು ತಿರುಗಿಸುವ ಬಾಗಿದ ತುಂಡು) ಸೇರಿಸಲು ಬಿಡಬೇಡಿ.

ಇಳಿಜಾರು ಎಲ್ಲಕ್ಕಿಂತ ಮುಖ್ಯ. ಅಡ್ಡಕ್ಕೆ ಹೋಗುವ ಹೊಗೆ ಪೈಪು ಬಾಯ್ಲರಿನ ಕಡೆಗೆ ಇಳಿಯಬೇಕು, ಹೊರಗಡೆಗೆ ಅಲ್ಲ. ಪೈಪಿನಲ್ಲಿ ತಣಿದ ನೀರು ಹಿಂದಕ್ಕೆ ಹರಿದು ಬಾಯ್ಲರಿನ ಟ್ರ್ಯಾಪ್ (ನೀರು ನಿಲ್ಲುವ ಬಾಗಿದ ಪೈಪು) ಸೇರಬೇಕು, ಅದಕ್ಕೆ. ಅಡಿಗೆ ಕಾಲು ಇಂಚು ಸಾಮಾನ್ಯ ಲೆಕ್ಕ. ಕೆಲವು ಬಾಯ್ಲರುಗಳು ಇನ್ನೂ ಜಾಸ್ತಿ, ಮೀಟರಿಗೆ ಸುಮಾರು 50 ಮಿಲಿಮೀಟರ್ ಕೇಳುತ್ತವೆ. ಕ್ಲಾಂಪುಗಳು ದೂರ ದೂರ ಇದ್ದರೆ ಪೈಪು ನಡುವೆ ಜೋತುಬೀಳುತ್ತದೆ, ಅಲ್ಲಿ ನೀರು ನಿಲ್ಲುತ್ತದೆ, ಹೊಗೆಗೆ ದಾರಿ ಕಟ್ಟುತ್ತದೆ. ಕೆಲಸ ಮುಗಿದ ದಿನ ನೀವೇ ಒಂದು ಮಟ್ಟಗೋಲು ಇಟ್ಟು ನೋಡಿ. ಇದರಲ್ಲಿ ಸಂಕೋಚವೇನೂ ಬೇಡ.

ಪೈಪಿನ ಉದ್ದಕ್ಕೆ ಮಿತಿ ಇದೆ. ಪ್ರತಿ ಎಲ್ಬೋ ಕೂಡ ಒಂದಿಷ್ಟು ಉದ್ದವೆಂದೇ ಲೆಕ್ಕಕ್ಕೆ ಸೇರುತ್ತದೆ. ಹೊರಗಿನ ತುದಿ ಕಿಟಕಿ, ಬಾಗಿಲುಗಳಿಂದ ದೂರ ಇರಬೇಕು. ಹಿಮ ಎಷ್ಟು ಎತ್ತರ ಬೀಳುತ್ತದೋ ಅದಕ್ಕಿಂತ ಕನಿಷ್ಠ ಒಂದು ಅಡಿ ಮೇಲೆ ಇರಬೇಕು. ಹಿಮದಲ್ಲಿ ಮುಚ್ಚಿಹೋದರೆ ಬಾಯ್ಲರ್ ನಿಲ್ಲುತ್ತದೆ. ಗಾಳಿ ಎಳೆಯುವ ಪೈಪು ಪಕ್ಕದಲ್ಲೇ ಇದ್ದರೆ, ಬಿಟ್ಟ ಹೊಗೆಯನ್ನೇ ಮತ್ತೆ ಎಳೆದುಕೊಳ್ಳದ ಹಾಗೆ ಕೈಪಿಡಿ ಹೇಳಿದಷ್ಟು ಅಂತರ ಬಿಡಬೇಕು. ಚಳಿಯಲ್ಲಿ ತುದಿಯಿಂದ ಬಿಳಿ ಆವಿ ಕಾಣುತ್ತದೆ. ಗಾಬರಿಯಾಗಬೇಡಿ. ಅದು ಪಕ್ಕದ ಮನೆಯ ಕಿಟಕಿಗೆ ಬಡಿಯದಂತೆ ಮಾತ್ರ ಜಾಗ ಆರಿಸಿ.

ಹಳೇ ಬಾಯ್ಲರಿನ ಜೊತೆ ಗ್ಯಾಸ್ ವಾಟರ್ ಹೀಟರ್ ಕೂಡ ಅದೇ ಚಿಮಣಿಗೆ ಸೇರಿತ್ತಾ? ಬಾಯ್ಲರ್ ಹೋದ ಮೇಲೆ ಆ ದೊಡ್ಡ ಚಿಮಣಿ ಹೀಟರಿನ ಸಣ್ಣ ಹೊಗೆಗೆ ಬೆಚ್ಚಗಾಗುವುದೇ ಇಲ್ಲ. ಹೊಗೆ ಮನೆಯೊಳಗೆ ವಾಪಸ್ ಬರಬಹುದು. ಚಿಮಣಿಗೆ ಸರಿಯಾದ ಅಳತೆಯ ಲೈನರ್ (ಚಿಮಣಿಯೊಳಗೆ ಇಳಿಸುವ ಪೈಪು) ಬೇಕಾ ಅಂತ ಕೇಳಲೇಬೇಕು.

ಈಗ ನೀರಿನ ಪೈಪು. ಗಂಟೆಗೆ ಒಂದೆರಡು ಲೀಟರ್ ಬರಬಹುದು. ನೋಡಲು ಶುದ್ಧ, ಆದರೆ ಆಮ್ಲೀಯ. ಪಿಎಚ್ ಸುಮಾರು 3ರಿಂದ 5. ತಾಮ್ರ, ಕಬ್ಬಿಣದ ಪೈಪು ಕೊರೆದುಹೋಗುತ್ತದೆ, ಹಾಗಾಗಿ ಪ್ಲಾಸ್ಟಿಕ್ಕೇ ಆಗಬೇಕು. ಮನೆಯ ಚರಂಡಿ ಪೈಪು ಹಳೇ ಎರಕದ ಕಬ್ಬಿಣದ್ದಾದರೆ, ನಡುವೆ ಸುಣ್ಣಕಲ್ಲಿನ ಚೂರು ತುಂಬಿದ, ಆಮ್ಲ ತಗ್ಗಿಸುವ ನ್ಯೂಟ್ರಲೈಜರ್ ಹಾಕಿಸಿ. ಆ ಚೂರುಗಳು ಕರಗುತ್ತಾ ಹೋಗುತ್ತವೆ. ವರ್ಷಕ್ಕೊಮ್ಮೆ ನೋಡಿ ತುಂಬಿಸಬೇಕು.

ಸಾಧ್ಯವಾದಷ್ಟೂ ಪೈಪನ್ನು ಮನೆಯೊಳಗಿನ ಚರಂಡಿಗೇ ಸೇರಿಸಿ. ಹೊರಗೆ ಹೋಗಲೇಬೇಕಾದರೆ ಗಿಡ್ಡವಾಗಿರಲಿ, ಒಳ ಅಗಲ ಕನಿಷ್ಠ 32 ಮಿಲಿಮೀಟರ್ ಇರಲಿ, ಚೆನ್ನಾಗಿ ಇಳಿಯಲಿ, ನೀರು ತಡೆಯುವ ಇನ್ಸುಲೇಶನ್ ಸುತ್ತಿರಲಿ. ನಮ್ಮ ಪೈಪಿನಲ್ಲಿ ಇವು ಒಂದೂ ಇರಲಿಲ್ಲ. ಬಾಯ್ಲರ್ ನೆಲಮಾಳಿಗೆಯಲ್ಲಿದ್ದು ಚರಂಡಿ ಮೇಲಿದ್ದರೆ ಪಂಪು ಬೇಕು. ಪಂಪು ಕೆಟ್ಟು ನೀರು ತುಂಬಿದಾಗ ಬಾಯ್ಲರನ್ನು ನಿಲ್ಲಿಸುವ ಸ್ವಿಚ್ಚಿನ ವೈರ್ ಜೋಡಿಸಿದ್ದಾರಾ ನೋಡಿ. ಬಹಳ ಸಲ ಅದನ್ನು ಹಾಗೇ ಬಿಟ್ಟಿರುತ್ತಾರೆ.

ಟ್ರ್ಯಾಪ್ ವಿಷಯ ದಯವಿಟ್ಟು ಮರೆಯಬೇಡಿ. ಅದು ಸಿಂಕ್ ಕೆಳಗಿನ ಬಾಗಿದ ಪೈಪಿನ ಹಾಗೆ. ಅದರಲ್ಲಿ ನಿಂತ ನೀರೇ ಹೊಗೆಯನ್ನು ತಡೆಯುತ್ತದೆ. ಮೊದಲ ಸಲ ಬಾಯ್ಲರ್ ಹಚ್ಚುವ ಮುಂಚೆ ಅದಕ್ಕೆ ನೀರು ತುಂಬಿಸಬೇಕು. ಖಾಲಿ ಇದ್ದರೆ ಹೊಗೆ ಕೋಣೆಗೇ ಬರುತ್ತದೆ, ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಬಾಯ್ಲರ್ ಹಚ್ಚುವ ದಿನಕ್ಕೆ ಮೊದಲೇ ಕಾರ್ಬನ್ ಮೊನಾಕ್ಸೈಡ್ ಅಲಾರಂ ತಂದಿಡಿ, ಮಲಗುವ ಕೋಣೆಗಳ ಹತ್ತಿರವೂ ಒಂದಿರಲಿ.

ಇಷ್ಟೆಲ್ಲ ಹೇಳಿದ್ದು ನೀವೇ ಮಾಡಿ ಅಂತ ಅಲ್ಲ. ಗ್ಯಾಸ್ ಕೆಲಸವನ್ನು ಪರವಾನಗಿ ಇರುವವರೇ ಮಾಡಬೇಕು. ನೀವು ಕೇಳಬೇಕಾದ್ದನ್ನು ಕೇಳಬೇಕು, ಅಷ್ಟೇ. ಕೊನೆಯಲ್ಲಿ ಅವರು ಹೊಗೆಯನ್ನು ಅನಲೈಜರ್‌ನಲ್ಲಿ ಅಳೆಯಬೇಕು. ಆ ಅಳತೆಯ ಚೀಟಿಯನ್ನು ಕೇಳಿ ಪಡೆದು, ಕೈಪಿಡಿಯ ಜೊತೆ ಬಾಯ್ಲರ್ ಪಕ್ಕದಲ್ಲೇ ಇಡಿ. ಮುಂದಿನ ವರ್ಷ ಸರ್ವಿಸಿಗೆ ಬಂದವರು ಮೊದಲು ಅದನ್ನೇ ಕೇಳುತ್ತಾರೆ.