ಬಾರ್ ಚಾರ್ಟ್‌ಗೆ ಜಾಗ ಗೊತ್ತಿಲ್ಲ: ವಯಡಕ್ಟ್ ಕೆಲಸವನ್ನು 4ಡಿಯಲ್ಲಿ ಪ್ಲಾನ್ ಮಾಡುವ ಬಗೆ

ವಯಡಕ್ಟ್ ಅಂದರೆ ಸಾಲುಕಂಬಗಳ ಮೇಲೆ ಸಾಗುವ ಉದ್ದನೆಯ ಸೇತುವೆ. ಅದನ್ನು ಕಟ್ಟುವಾಗ ಲಾಂಚಿಂಗ್ ಗರ್ಡರ್ (ಸೇತುವೆಯ ತುಂಡುಗಳನ್ನು ಎತ್ತಿ ಜೋಡಿಸುವ ಯಂತ್ರ) ಒಂದು ಸ್ಪ್ಯಾನ್, ಅಂದರೆ ಎರಡು ಕಂಬಗಳ ನಡುವಿನ ಭಾಗ, ಮುಗಿಸಿ ಮುಂದಿನ ಪಿಯರ್‌ಗೆ (ಕಂಬಕ್ಕೆ) ದಾಟುತ್ತದೆ. 16 ಆದಮೇಲೆ 17. ಆ 17ನೇ ಪಿಯರ್ ಎದ್ದಿಲ್ಲ ಅಂದರೆ ಗರ್ಡರ್ ಹಾರಿ 18ಕ್ಕೆ ಹೋಗುವುದಿಲ್ಲ. ಬಿಚ್ಚಿ, ಟ್ರೇಲರ್‌ನಲ್ಲಿ ಸಾಗಿಸಿ, ಮತ್ತೆ ಜೋಡಿಸಿ, ಲೋಡ್ ಟೆಸ್ಟ್ ಮಾಡಬೇಕು. ವಾರಗಳೇ ಹೋಗುತ್ತವೆ. ಈಗ ಯಾವ ಕೆಲಸ ಯಾವಾಗಿಂದ ಯಾವಾಗಿನವರೆಗೆ ಅಂತ ಪಟ್ಟಿ ಎಳೆದು ತೋರಿಸುವ ಬಾರ್ ಚಾರ್ಟ್ ನೋಡಿ. ‘ಪಿಯರ್ ಕೆಲಸ, 1ರಿಂದ 40’ ಅಂತ ಒಂದೇ ಪಟ್ಟಿ. ಶೇ 90 ಮುಗಿದಿದೆ, ಮೀಟಿಂಗ್‌ನಲ್ಲಿ ಎಲ್ಲರಿಗೂ ಸಮಾಧಾನ. ಉಳಿದ ಶೇ 10ರಲ್ಲಿ 17ನೇ ಪಿಯರ್ ಇದೆ, ಅದರ ಬುಡದಲ್ಲಿ ಇನ್ನೂ ಸರಿಸದ ನೀರಿನ ಪೈಪ್ ಇದೆ ಅನ್ನುವುದು ಆ ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ.

ಯಾವ ಕೆಲಸ ತಡವಾದರೆ ಇಡೀ ಯೋಜನೆಯೇ ತಡವಾಗುತ್ತದೆ ಅಂತ ಹುಡುಕುವ ಕ್ರಿಟಿಕಲ್ ಪಾತ್ ಲೆಕ್ಕ ಹುಟ್ಟಿದ್ದು 1950ರ ದಶಕದ ಕೊನೆಯಲ್ಲಿ, ಡ್ಯುಪಾಂಟ್ ಕಂಪನಿಯ ಕೆಮಿಕಲ್ ಕಾರ್ಖಾನೆಗಳ ಕೆಲಸಕ್ಕೆ. ಯಾವುದಾದ ಮೇಲೆ ಯಾವುದು ಅನ್ನುವುದನ್ನು ಅದು ಚೆನ್ನಾಗಿ ಹೇಳುತ್ತದೆ. ಎಲ್ಲಿ ಅಂತ ಕೇಳಿದರೆ ಉತ್ತರವಿಲ್ಲ. ಷೆಡ್ಯೂಲ್‌ಗೆ ಸೇತುವೆಯ 3ಡಿ ಮಾಡೆಲ್ ಜೋಡಿಸುವುದು ಆ ಉತ್ತರಕ್ಕಾಗಿ. 4ಡಿ ಅಂದರೆ ಇದೇ. ಮ್ಯಾನೇಜ್‌ಮೆಂಟ್‌ಗೆ ತೋರಿಸುವ ವಿಡಿಯೊಗಷ್ಟೇ ಆದರೆ ಲೈಸೆನ್ಸ್ ದುಡ್ಡು ದಂಡ. ಪ್ಲಾನಿಂಗ್ ವಿಭಾಗಕ್ಕೆ ಬರುವ ಹೊಸಬರಿಗೆ ನಾನು ಮೊದಲು ಹೇಳುವುದೇ ಇದನ್ನು.

ಯಾವ ಸಾಫ್ಟ್‌ವೇರ್ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಂದು ವ್ಯತ್ಯಾಸ ತಿಳಿದಿದ್ದರೆ ಸಾಕು. ನ್ಯಾವಿಸ್‌ವರ್ಕ್ಸ್‌ನ ಟೈಮ್‌ಲೈನರ್, ಷೆಡ್ಯೂಲ್ ಮಾಡುವ ಸಾಫ್ಟ್‌ವೇರ್ ಪ್ರಿಮವೇರಾದಿಂದ ತಾರೀಖು ತಗೊಂಡು ಮಾಡೆಲ್ ಮೇಲೆ ತೋರಿಸುತ್ತದೆ. ಕ್ರಿಟಿಕಲ್ ಪಾತ್ ಲೆಕ್ಕ ಹಾಕುವುದಿಲ್ಲ. ಬೆಂಟ್ಲಿಯ ಸಿಂಕ್ರೊದಲ್ಲಿ ಆ ಲೆಕ್ಕವೂ ಒಳಗೇ ಇದೆ. ಕೆಲಸದ ಕ್ರಮ ಬದಲಿಸಿ, ಮುಗಿಯುವ ತಾರೀಖು ಏನಾಯಿತು ಅಂತ ಅಲ್ಲೇ ನೋಡಬಹುದು. ವಯಡಕ್ಟ್‌ಗೆ ನನ್ನ ಆಯ್ಕೆ ಎರಡನೆಯದು.

ಕೆಲಸ ಶುರುವಾಗುವುದು ಮಾತ್ರ ಲ್ಯಾಪ್‌ಟಾಪ್ ಮುಚ್ಚಿಟ್ಟು. ಸರ್ವೇಯರ್ ಜೊತೆ ಅಲೈನ್‌ಮೆಂಟ್ (ಸೇತುವೆ ಸಾಗುವ ದಾರಿ) ಉದ್ದಕ್ಕೂ ನಡೆಯಿರಿ. ಒಂದೊಂದು ಪಿಯರ್‌ಗೂ ಒಂದು ಸಾಲು ಬರೆಯಿರಿ. ಜಾಗ ಕೈಗೆ ಬಂದಿದೆಯಾ, ಕೆಳಗೆ ಪೈಪ್ ಅಥವಾ ಕೇಬಲ್ ಇದೆಯಾ, ಮೇಲೆ ಹೈಟೆನ್ಷನ್ ತಂತಿ ಇದೆಯಾ, ಮರ ಇದೆಯಾ. ಮರ ಕಡಿಯಲು ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಆ ಅನುಮತಿಯೂ ಷೆಡ್ಯೂಲ್‌ನಲ್ಲಿ ಒಂದು ಆಕ್ಟಿವಿಟಿ. ಮಾಡೆಲ್‌ನಲ್ಲಿ ಆ ಜಾಗಕ್ಕೆ ಕೆಂಪು ಬಣ್ಣದ ಒಂದು ಡಬ್ಬಿ ಇಡಿ. ಅನುಮತಿ ಸಿಕ್ಕ ದಿನ ಅದು ಮಾಯವಾಗಲಿ.

ಆಮೇಲೆ ಮಾಡೆಲ್ ಒಡೆಯುವ ಕೆಲಸ. ಡಿಸೈನರ್ ತನಗೆ ಬೇಕಾದ ಹಾಗೆ ಮಾಡೆಲ್ ಮಾಡಿರುತ್ತಾರೆ. ಪಿಯರ್ ಮತ್ತು ಅದರ ತಲೆಯ ಮೇಲಿನ ಪಿಯರ್ ಕ್ಯಾಪ್ ಎಷ್ಟೋ ಸಲ ಒಂದೇ ಗಟ್ಟಿ. ಸೈಟ್‌ನಲ್ಲಿ ಅವೆರಡಕ್ಕೂ ಷಟರಿಂಗ್ ಬೇರೆ, ಗ್ಯಾಂಗ್ ಬೇರೆ, ಕಾಂಕ್ರೀಟ್ ಹಾಕುವ ದಿನ ಬೇರೆ. ಎತ್ತರದ ಪಿಯರ್ ಎರಡು ಲಿಫ್ಟ್‌ನಲ್ಲಿ (ಹಂತದಲ್ಲಿ) ಏಳುವುದಾದರೆ ಮಾಡೆಲ್‌ನಲ್ಲೂ ಎರಡು ತುಂಡಿರಲಿ. ಒಂದು ಸಲಕ್ಕೆ ಕಾಂಕ್ರೀಟ್ ಹಾಕುವಷ್ಟು ಭಾಗ ಒಂದು ತುಂಡು, ಇದೇ ಅಳತೆ. ಫೈಲ್ ಐಎಫ್‌ಸಿಯಲ್ಲಿ (ಬೇರೆ ಬೇರೆ ಸಾಫ್ಟ್‌ವೇರ್‌ಗಳು ಓದಬಲ್ಲ ಮಾಡೆಲ್ ಫೈಲ್‌ನ ರೂಪ) ಬರುವುದಾದರೆ 4.3 ಆವೃತ್ತಿ ಕೇಳಿ. ಹಳೆಯ ಆವೃತ್ತಿಗಳು ಮುಖ್ಯವಾಗಿ ಕಟ್ಟಡಗಳಿಗೆ ಮಾಡಿದವು. 2024ರಲ್ಲಿ ಐಎಸ್‌ಒ ಪ್ರಕಟಿಸಿದ 4.3ಕ್ಕೆ ರಸ್ತೆ, ರೈಲು, ಸೇತುವೆ, ಅಲೈನ್‌ಮೆಂಟ್ ಎಲ್ಲ ಗೊತ್ತು.

ಇನ್ನು ಕೋಡ್. ಇದಕ್ಕೆ ಎಷ್ಟು ಸಮಯ ಕೊಟ್ಟರೂ ಕಡಿಮೆಯೇ. ಮಾಡೆಲ್‌ನ ತುಂಡಿಗೂ ಷೆಡ್ಯೂಲ್‌ನ ಆಕ್ಟಿವಿಟಿಗೂ ಒಂದೇ ಕೋಡ್ ಇರಬೇಕು. ನೆಲದೊಳಗಿನ ಬುನಾದಿಯ ಪೈಲ್ ಕ್ಯಾಪ್‌ಗೂ ಪಿಸಿ, ಪಿಯರ್ ಕ್ಯಾಪ್‌ಗೂ ಪಿಸಿ ಅಂತ ಇಟ್ಟರೆ ಪಿಯರ್ ಏಳುವ ಮೊದಲೇ ಪಿಯರ್ ಕ್ಯಾಪ್ ಗಾಳಿಯಲ್ಲಿ ಹುಟ್ಟುತ್ತದೆ. ಪಿಎಲ್‌ಸಿ, ಪಿಆರ್‌ಸಿ ಅಂತ ಬೇರೆ ಮಾಡಿ. ನಂಬರ್‌ಗೆ ಮೂರು ಅಂಕಿ ಇರಲಿ: ಪಿ017. ಪಿ17 ಅಂತ ಒಬ್ಬರು, ಪಿ017 ಅಂತ ಇನ್ನೊಬ್ಬರು ಬರೆದರೆ ಸಾಫ್ಟ್‌ವೇರ್‌ಗೆ ಅವು ಎರಡು ಪಿಯರ್. ಕೋಡ್ ಸರಿ ಇದ್ದರೆ ಜೋಡಿಸುವುದು ಒಂದು ರೂಲ್‌ನ ಕೆಲಸ. ಜೋಡಿಸಿದ ಮೇಲೆ ಎರಡು ಪಟ್ಟಿ ತೆಗೆಯಿರಿ: ಆಕ್ಟಿವಿಟಿ ಇಲ್ಲದ ತುಂಡುಗಳು, ತುಂಡು ಇಲ್ಲದ ಆಕ್ಟಿವಿಟಿಗಳು. ಮೊದಲನೆಯದು ಖಾಲಿ ಆಗಬೇಕು. ಎರಡನೆಯದರಲ್ಲಿ ಅನುಮತಿ, ಡ್ರಾಯಿಂಗ್, ಖರೀದಿಯಂಥವು ಮಾತ್ರ ಉಳಿಯಬೇಕು.

ಕ್ಯಾಲೆಂಡರ್ ಟೆಂಪ್ಲೇಟ್‌ನಿಂದ ಎತ್ತಿಕೊಳ್ಳಬೇಡಿ. ಮಳೆಗಾಲ ಅಂದರೆ ಜೂನ್, ಜುಲೈ ಅಂತ ಹಾಕಿಬಿಡುತ್ತಾರೆ. ಬೆಂಗಳೂರಲ್ಲಿ ಜಾಸ್ತಿ ಮಳೆ ಸುರಿಯುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಬಿಹಾರ, ಜಾರ್ಖಂಡ್ ಕಡೆಯ ಕೆಲಸಗಾರರು ದೀಪಾವಳಿ ಬೆನ್ನಿಗೇ ಬರುವ ಛಠ್‌ಗೆ, ಆಮೇಲೆ ಹೋಳಿಗೆ ಊರಿಗೆ ಹೋಗುತ್ತಾರೆ. ಹೋಗಲೇಬೇಕು, ಅವರ ಹಬ್ಬ ಅದು. ಆ ವಾರಗಳ ಕೆಲಸದ ವೇಗವನ್ನು ಮೊದಲೇ ಇಳಿಸಿಡಿ. ಕಾಂಕ್ರೀಟನ್ನು ಒದ್ದೆಯಾಗಿಡುವ ಕ್ಯೂರಿಂಗ್‌ಗೆ ಮಾತ್ರ ಭಾನುವಾರ ರಜೆ ಇಲ್ಲ. ಕಾಂಕ್ರೀಟ್‌ನ ಭಾರತೀಯ ಮಾನಕ ಐಎಸ್ 456 ಪ್ರಕಾರ ಬ್ಲೆಂಡೆಡ್ (ಹಾರುಬೂದಿಯಂಥದ್ದು ಬೆರೆಸಿದ) ಸಿಮೆಂಟ್‌ಗೆ ಕನಿಷ್ಠ 10 ದಿನ. ಅದನ್ನು ವಾರಕ್ಕೆ ಆರು ದಿನದ ಕ್ಯಾಲೆಂಡರ್‌ನಲ್ಲಿಟ್ಟರೆ ಸುಮ್ನೆ ಒಂದೆರಡು ದಿನ ಸೇರಿಕೊಳ್ಳುತ್ತದೆ.

ಗರ್ಡರ್, ಕ್ರೇನ್, ಬ್ಯಾರಿಕೇಡ್ ಕೂಡ ಮಾಡೆಲ್‌ನಲ್ಲಿ ಇರಲೇಬೇಕು. ಕ್ರೇನ್‌ನ ಬೂಮ್ ತಿರುಗುವಷ್ಟು ಜಾಗವನ್ನೂ ಬರೆಯಿರಿ. ಸ್ಪ್ಯಾನ್‌ನ ತುಂಡುಗಳನ್ನು (ಸೆಗ್ಮೆಂಟ್) ಎರಕ ಹೊಯ್ಯುವ ಕಾಸ್ಟಿಂಗ್ ಯಾರ್ಡ್ ಬಿಡಬೇಡಿ. ಒಂದು ಉದಾಹರಣೆ: ಒಂದು ಸ್ಪ್ಯಾನ್‌ಗೆ 10 ಸೆಗ್ಮೆಂಟ್, ಒಂದು ಗರ್ಡರ್ 4 ದಿನಕ್ಕೊಂದು ಸ್ಪ್ಯಾನ್, ಎರಡು ಗರ್ಡರ್. ದಿನಕ್ಕೆ 5 ಸೆಗ್ಮೆಂಟ್ ಬೇಕು. ಯಾರ್ಡ್ 6 ಮಾಡಿದರೆ 100 ದಿನಕ್ಕೆ 100 ಸೆಗ್ಮೆಂಟ್ ಉಳಿಯುತ್ತವೆ. ಅವನ್ನು ಎಲ್ಲಿ ಇಡುತ್ತೀರಿ? ಯಾರ್ಡ್ 4 ಮಾಡಿದರೆ, ಮೊದಲೇ 60 ಕೂಡಿಟ್ಟಿದ್ದರೂ ಎರಡು ತಿಂಗಳಿಗೆ ಗರ್ಡರ್ ಕೈಕಟ್ಟಿ ನಿಲ್ಲುತ್ತದೆ.

ಈಗ ವಾರ ವಾರ ಮುಂದಕ್ಕೆ ಓಡಿಸಿ ನೋಡಿ. ಫೋರ್‌ಮನ್‌ಗಳನ್ನು ಕೂರಿಸಿಕೊಂಡು ನೋಡಿ, ಅದು ನನ್ನ ಕಳಕಳಿಯ ಮಾತು. ಪ್ರಿಮವೇರಾ ಪ್ರಿಂಟ್ ಕೊಟ್ಟರೆ ಅವರು ಮಡಚಿ ಜೇಬಿಗಿಡುತ್ತಾರೆ. ಮಾಡೆಲ್ ತೋರಿಸಿದರೆ ‘ಸಾರ್, ಈ ರಿಗ್ ಅಲ್ಲಿ ನಿಂತರೆ ಟ್ರಾನ್ಸಿಟ್ ಮಿಕ್ಸರ್ ಹೇಗೆ ಬರುತ್ತೆ?’ ಅಂತ ಕೇಳುತ್ತಾರೆ. ಆ ಪ್ರಶ್ನೆ ಯಾವ ಸಾಫ್ಟ್‌ವೇರೂ ಕೇಳುವುದಿಲ್ಲ. ಹಾಗೆ ಓಡಿಸುವಾಗಲೇ ಗರ್ಡರ್ 16ರ ಮೇಲೆ ನಿಂತಿರುವುದೂ, ಮುಂದೆ 17 ಇಲ್ಲದಿರುವುದೂ ಕಣ್ಣಿಗೆ ಬೀಳುತ್ತದೆ. ಪೈಪ್ ಸರಿಸಲು ಇನ್ನೂ ಸಮಯ ಇರುವಾಗಲೇ.

ಬೇಸ್‌ಲೈನ್, ಅಂದರೆ ಮೂಲ ಷೆಡ್ಯೂಲ್, ಒಪ್ಪಿಗೆಯಾದ ಮೇಲೆ ಅದನ್ನು ಮುಟ್ಟಬೇಡಿ. ವಾರಕ್ಕೊಮ್ಮೆ ಡಿಪಿಆರ್‌ನಿಂದ (ದಿನದ ಪ್ರಗತಿ ವರದಿ) ನಿಜವಾದ ತಾರೀಖುಗಳನ್ನು ಅದೇ ಕೋಡ್ ಮೂಲಕ ತುಂಬಿ. ಕೆಲಸಕ್ಕೆ ಬಂದ ಅಡ್ಡಿಗಳನ್ನು ಬರೆದಿಡುವ ಹಿಂಡ್ರನ್ಸ್ ರಿಜಿಸ್ಟರ್‌ನ ಪ್ರತಿ ಸಾಲಿಗೂ ಅದೇ ಪಿಯರ್ ಕೋಡ್ ಹಾಕಿಸಿ. ಸಮಯ ವಿಸ್ತರಣೆ ಕೇಳುವ ದಿನ ಬಂದಾಗ ಯಾವ ಪಿಯರ್ ಯಾವ ಕಾರಣಕ್ಕೆ ಎಷ್ಟು ದಿನ ನಿಂತಿತ್ತು ಅಂತ ತೋರಿಸಬೇಕಲ್ವಾ? ಅದಕ್ಕೇ ಪ್ರತಿ ತಿಂಗಳ ಅಪ್‌ಡೇಟ್ ಫೈಲನ್ನು ತಾರೀಖಿನ ಹೆಸರಲ್ಲಿ ಬೇರೆಯಾಗಿ ಉಳಿಸಿ, ಹಳೆಯದರ ಮೇಲೆ ಸೇವ್ ಮಾಡಬೇಡಿ.